ಆಮೆ ಗೆದ್ದ ಇನ್ನೊಂದು ಓಟ

ಕೆಲಸ ಬೇಗ ಮುಗಿಸಿ ದೀಪ ಆರಿಸಿದರೆ ಕರೆಂಟು ಉಳಿಯುತ್ತದೆ ಎಂಬುದು ಮನೆಯಲ್ಲಿ ಕಲಿತ ಪಾಠ. ಕಂಪ್ಯೂಟರಿಗೂ ಅದೇ ನ್ಯಾಯ ಎಂದು ಬಹಳ ದಿನ ನಂಬಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದ್ದು 1994ರ ಒಂದು ಪ್ರಬಂಧ.

ಬರೆದವರು ಮಾರ್ಕ್ ವೈಸರ್ ಮತ್ತು ಮೂವರು ಸಂಗಡಿಗರು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದವರು. ಕಂಪ್ಯೂಟರು ಮೇಜು ಬಿಟ್ಟಿಳಿದು ನಮ್ಮ ಸುತ್ತಮುತ್ತೆಲ್ಲ ಹರಡಲಿದೆ ಎಂದು ವೈಸರ್ 1991ರಲ್ಲೇ ಬರೆದಿದ್ದರು. ಕೈಯಲ್ಲಿ ಹಿಡಿದು ಓಡಾಡುವ ಯಂತ್ರಕ್ಕೆ ಬ್ಯಾಟರಿಯೇ ಬುತ್ತಿ. ಅದನ್ನು ಹೇಗೆ ಉಳಿಸುವುದು?

ಚಿಪ್‌ನೊಳಗೆ ಸೊನ್ನೆ ಒಂದಾಗುವಾಗ, ಒಂದು ಸೊನ್ನೆಯಾಗುವಾಗ ವಿದ್ಯುತ್ತು ತುಂಬಿ ಬರಿದಾಗುತ್ತದೆ. ಆ ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದದ್ದು. ವೇಗವನ್ನಷ್ಟೇ ಅರ್ಧ ಮಾಡಿದರೆ ಲಾಭವಿಲ್ಲ. ಕೆಲಸ ಎರಡು ಪಟ್ಟು ಹೊತ್ತು ನಡೆದು ಲೆಕ್ಕ ಅಲ್ಲಿಗಲ್ಲಿಗೇ ಆಗುತ್ತದೆ. ಆದರೆ ನಿಧಾನದ ನಡಿಗೆಗೆ ಕಡಿಮೆ ವೋಲ್ಟೇಜ್ ಸಾಕು. 5 ವೋಲ್ಟ್ ಇದ್ದದ್ದನ್ನು 2.5ಕ್ಕೆ ಇಳಿಸಿದರೆ ಅದೇ ಕೆಲಸ ಕಾಲು ಭಾಗ ಶಕ್ತಿಯಲ್ಲಿ ಮುಗಿಯುತ್ತದೆ. ಡೈನಮಿಕ್ ವೋಲ್ಟೇಜ್ ಸ್ಕೇಲಿಂಗ್‌ನ ಗುಟ್ಟು ಇಷ್ಟೇ.

ವೈಸರ್ ತಂಡ ಯೂನಿಕ್ಸ್ ಕಂಪ್ಯೂಟರುಗಳ ದಿನಚರಿಯನ್ನು ದಾಖಲಿಸಿ, ಕಳೆದ 50 ಮಿಲಿಸೆಕೆಂಡಿನಲ್ಲಿ ಎಷ್ಟು ಕೆಲಸವಿತ್ತೆಂದು ನೋಡಿ ಮುಂದಿನ ವೇಗ ನಿರ್ಧರಿಸಿದರೆ ಏನಾದೀತೆಂದು ಲೆಕ್ಕ ಹಾಕಿತು. ವೋಲ್ಟೇಜ್ 3.3ರವರೆಗೆ ಇಳಿಯಬಹುದಾದರೆ ಶೇ. 50ರಷ್ಟು, 2.2ರವರೆಗಾದರೆ ಶೇ. 70ರಷ್ಟು ಉಳಿತಾಯ ಸಾಧ್ಯವೆಂದು ಕಂಡಿತು. ಓಡಿ ಮುಗಿಸಿ ಸುಮ್ಮನೆ ಕೂರುವುದಕ್ಕಿಂತ ಸಾವಕಾಶವಾಗಿ ನಡೆಯುವುದೇ ಮೇಲು ಎನ್ನಲು ಅವರು ನೆನೆದದ್ದು ನಾವೆಲ್ಲ ಬಲ್ಲ ಆಮೆ ಮತ್ತು ಮೊಲದ ಕಥೆಯನ್ನೇ!

2000ದಲ್ಲಿ ಟ್ರಾನ್ಸ್‌ಮೆಟಾದ ಕ್ರೂಸೋ, ಇಂಟೆಲ್‌ನ ಸ್ಪೀಡ್‌ಸ್ಟೆಪ್ ಈ ಉಪಾಯವನ್ನು ಲ್ಯಾಪ್‌ಟಾಪಿಗೆ ತಂದವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಟ್ರಾನ್ಸಿಸ್ಟರು ಕಿರಿದಾದಂತೆ, ಕೆಲಸವಿಲ್ಲದಾಗಲೂ ಕರೆಂಟು ಸೋರತೊಡಗಿತು. ಅತಿ ನಿಧಾನವಾದರೆ ಚಿಪ್ ಹೆಚ್ಚು ಹೊತ್ತು ಎಚ್ಚರವಿದ್ದು ಸೋರಿಕೆಯೇ ಉಳಿತಾಯವನ್ನು ನುಂಗುತ್ತದೆ. ಕೆಲವೊಮ್ಮೆ ಬೇಗ ಮುಗಿಸಿ ಪೂರ್ತಿ ಮಲಗುವುದೇ ಒಳ್ಳೆಯದು. ಮೊಲಕ್ಕೂ ಮರ್ಯಾದೆ ಮರಳಿತು. ಮನೆಯ ಪಾಠವೂ ಪೂರ್ತಿ ಸುಳ್ಳಲ್ಲವೆಂದು ನನಗೆ ಸಮಾಧಾನವಾಯಿತು.

ಇದನ್ನು ನೀವು ಫೋನಿನಲ್ಲಿ ಓದುತ್ತಿದ್ದರೆ, ಅದರ ಪ್ರೊಸೆಸರಿಗೆ ಈಗ ಅಂಥ ಕೆಲಸವೇನೂ ಇಲ್ಲ. ಬೆರಳು ಪುಟ ಸರಿಸಿದಾಗ ಕ್ಷಣಕಾಲ ಓಡಿ, ಮತ್ತೆ ಆಮೆಯ ನಡಿಗೆಗೆ ಇಳಿಯುತ್ತದೆ.