ಅಟ್ಟ ಮೇಲೆ ಉರಿದ ಒಲೆ

“ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು” ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗ ಈಚೆಗೆ ನನಗೊಂದು ತೊಡಕು ಎದುರಾಗುತ್ತಿದೆ. ಕೆಟ್ಟ ಮೇಲೆ ಬುದ್ಧಿ ಬರುವುದು ಹುಡುಗರಿಗೆ ಗೊತ್ತು. ಅಟ್ಟ ಮೇಲೆ ಒಲೆ ಉರಿಯುವುದೇಕೆಂದು ಗೊತ್ತಿಲ್ಲ. ಗ್ಯಾಸಿನ ಒಲೆಯ ಮುಂದೆ ಬೆಳೆದವರಿಗೆ ಹಸಿ ಸೌದೆಯ ಕಾಟ ತಿಳಿಯುವುದಾದರೂ ಹೇಗೆ? ಒಳಗಿನ ನೀರು ಆರುವ ತನಕ ಸೌದೆ ಬರಿದೆ ಹೊಗೆಯುತ್ತದೆ. ಅದು ಚೆನ್ನಾಗಿ ಹತ್ತಿಕೊಳ್ಳುವ ಹೊತ್ತಿಗೆ ಅಡಿಗೆ ಮುಗಿದಿರುತ್ತದೆ. ನಮ್ಮ ತಾಯಿ ಮಳೆಗಾಲಕ್ಕೆಂದು ಬೇಸಗೆಯಲ್ಲೇ ಸೌದೆ ಸೀಳಿಸಿ ಒಟ್ಟಿಸುತ್ತಿದ್ದರು. ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ, ಸದ್ದು ಕೇಳಿಯೇ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು.

ಈ ವಿದ್ಯೆಯನ್ನೇ ಒಂದು ದೊಡ್ಡ ಕಸುಬಾಗಿ ಬೆಳಸಿಕೊಂಡ ನಾಡು ಅಮೆರಿಕದ ದಕ್ಷಿಣ ಭಾಗ. ಮಂದವಾದ ಕೆಂಡದ ಮೇಲೆ, ಹೊಗೆಯಲ್ಲಿ, ಗಂಟೆಗಟ್ಟಲೆ ಬೇಯಿಸಿದ ಮಾಂಸಕ್ಕೆ ಅಲ್ಲಿ ಬಾರ್ಬೆಕ್ಯೂ ಎಂದು ಹೆಸರು. ಅದರ ರುಚಿಯನ್ನು ಕುರಿತು ಮಾತನಾಡುವ ಅಧಿಕಾರ ನನಗಿಲ್ಲ. ನಾನು ಅದನ್ನು ತಿಂದವನಲ್ಲ. ಆದರೆ ಅದರ ಹೆಸರಿನ ಮತ್ತು ಸೌದೆಯ ಚರಿತ್ರೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಆ ಹೆಸರು ಕೆರೀಬಿಯನ್ ದ್ವೀಪಗಳ ಟೈನೋ ಜನರದು. ಅವರ ನುಡಿಯಲ್ಲಿ ‘ಬಾರ್ಬಕೋವಾ’ ಎಂದರೆ ಕೋಲುಗಳನ್ನು ಜೋಡಿಸಿ ಎತ್ತರದಲ್ಲಿ ಕಟ್ಟಿದ ಅಟ್ಟ. 16ನೆಯ ಶತಮಾನದಲ್ಲಿ ಸ್ಪೇನಿನ ಚರಿತ್ರಕಾರ ಒವಿಯೆಡೊ ಈ ಅಟ್ಟಗಳನ್ನು ವರ್ಣಿಸಿದ್ದಾನೆ. ಅವುಗಳ ಮೇಲೆ ಕುಳಿತು ಹುಡುಗರು ಜೋಳದ ಹೊಲಕ್ಕೆ ಬೀಳುವ ಹಕ್ಕಿಗಳನ್ನು ಓಡಿಸುತ್ತಿದ್ದರಂತೆ. ಅಂಥದೇ ಅಟ್ಟದ ಮೇಲೆ ಮಾಂಸವನ್ನು ಹರಡಿ, ಕೆಳಗೆ ಬೆಂಕಿ ಹಾಕುತ್ತಿದ್ದರು. ನಮ್ಮಲ್ಲಿಯೂ ಹೊಲ ಕಾಯಲು ಅಟ್ಟ ಕಟ್ಟುತ್ತಾರೆ. ಒಲೆಯ ಮೇಲಣ ಅಟ್ಟದಲ್ಲಿ ಸೌದೆ ಒಣಗಿಸುತ್ತಾರೆ. ಗಾದೆಯ ‘ಅಟ್ಟ’ ಮಾತ್ರ ಬೇರೆ. ಅದು ‘ಅಡು’ ಧಾತುವಿನಿಂದ ಬಂದುದು. ಎರಡನ್ನೂ ಕಲಸಬಾರದು. ಆದರೂ ಅಗತ್ಯ ಒಂದೇ ಆದಾಗ, ಸಾಗರದ ಆಚೆ ಈಚೆ ಇರುವವರು ಕಟ್ಟುವ ವಸ್ತುವೂ ಒಂದೇ ಆಗುತ್ತದೆಂಬುದು ಸೋಜಿಗವಲ್ಲವೆ?

ವರ್ಜೀನಿಯ, ಕೆರೊಲಿನ ಸೀಮೆಗಳಲ್ಲಿ ಉದ್ದನೆಯ ಗುಂಡಿ ತೋಡುವ ಪದ್ಧತಿ ಬಳಕೆಗೆ ಬಂತು. ಬೇರೆ ಕಡೆ ಸೌದೆ ಸುಟ್ಟು, ಕೆಂಡವನ್ನಷ್ಟೇ ಸಲಿಕೆಯಲ್ಲಿ ತಂದು ಗುಂಡಿಗೆ ಹರಡುವರು. ಮೇಲೆ ಅಡ್ಡಲಾಗಿ ಹಾಸಿದ ಕೋಲುಗಳ ಮೇಲೆ ಇಡೀ ಹಂದಿಯನ್ನು ಇಡುವರು. ಸೌದೆಗೆ ಅಲ್ಲಿ ಹಿಕರಿ ಮತ್ತು ಓಕ್ ಮರಗಳು ಶ್ರೇಷ್ಠ. ಟೆಕ್ಸಾಸಿನ ಮಧ್ಯಭಾಗದಲ್ಲಿ ಪೋಸ್ಟ್ ಓಕ್; ಅದರ ಪಶ್ಚಿಮದ ಒಣಭೂಮಿಯಲ್ಲಿ ಮೆಸ್ಕೀಟ್. ಈ ಮೆಸ್ಕೀಟ್ ನಮಗೆ ಅಪರಿಚಿತವೇನಲ್ಲ. 19ನೆಯ ಶತಮಾನದಲ್ಲಿ ಭಾರತಕ್ಕೆ ಬಂದು, ನಮ್ಮ ಬಯಲುಸೀಮೆಯಲ್ಲಿ ಹಬ್ಬಿರುವ ಬಳ್ಳಾರಿ ಜಾಲಿ ಅದರ ಹತ್ತಿರದ ನಂಟ. ಪೈನ್ ಮರವನ್ನು ಮಾತ್ರ ಯಾರೂ ಹತ್ತಿರ ಸೇರಿಸುವುದಿಲ್ಲ. ಅದರ ರಾಳ ಕಪ್ಪು ಮಸಿಯಾಗಿ ಮಾಂಸವನ್ನು ಕಹಿ ಮಾಡುತ್ತದೆ.

ಆರಿಸಿದ ಮರವನ್ನು ಒಣಗಿಸುವುದು ಮುಂದಿನ ಕೆಲಸ. ಹಸಿ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ನೀರೇ ಇರಬಹುದು. ಅದನ್ನು ಸೀಳಿ, ನೆಲಕ್ಕೆ ತಾಗದಂತೆ ಒಟ್ಟಿ, ಮೇಲೆ ಮಾತ್ರ ಮುಚ್ಚಿ, ಪಕ್ಕಗಳನ್ನು ಗಾಳಿಗೆ ಬಿಟ್ಟು, ಆರು ತಿಂಗಳೋ ವರ್ಷವೋ ಕಾಯಬೇಕು. ಓಕ್ ಇನ್ನೂ ನಿಧಾನ. ನೀರು ನೂರಕ್ಕೆ 20ರ ಆಸುಪಾಸಿಗೆ ಇಳಿದಾಗ ತುದಿಗಳು ಬಿರಿಯುತ್ತವೆ, ತಟ್ಟಿದರೆ ಟಣ್ಣೆನ್ನುತ್ತವೆ. ಹಸಿ ಸೌದೆಯ ದಟ್ಟ ಬಿಳಿಹೊಗೆ ಮಾಂಸಕ್ಕೆ ಕಹಿ ಹತ್ತಿಸುತ್ತದೆ. ತೀರ ಒಣಗಿದ್ದು ಬೇಗ ಉರಿದುಹೋಗುತ್ತದೆ. ಹದವಾಗಿ ಒಣಗಿದ್ದರ ಹೊಗೆ ಕಣ್ಣಿಗೆ ಕಂಡೂ ಕಾಣದಷ್ಟು ತೆಳು, ತುಸು ನೀಲಿ. ಮರದೊಳಗಿನ ಲಿಗ್ನಿನ್ ಎಂಬ ಪದಾರ್ಥ ಕಾವಿಗೆ ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ಪರಿಮಳದ್ರವ್ಯಗಳಾಗುವುದೆಂದು ರಸಾಯನಶಾಸ್ತ್ರ ಕಂಡುಕೊಂಡದ್ದು ಬಹಳ ಈಚೆಗೆ. ಬೆಂಕಿಯ ಮುಂದೆ ನಿಂತವರಿಗೆ ಆ ಹದ ಎಂದೋ ಗೊತ್ತಿತ್ತು.

ಆದರೆ ಬೆಂಕಿಯ ಮುಂದೆ ನಿಂತವರು ಯಾರು? 1769ರ ಮೇ 27ರಂದು ಜಾರ್ಜ್ ವಾಷಿಂಗ್‌ಟನ್ ತಾನು ಅಲೆಕ್ಸಾಂಡ್ರಿಯದ ಬಾರ್ಬೆಕ್ಯೂಗೆ ಹೋಗಿ ರಾತ್ರಿಯೆಲ್ಲ ಅಲ್ಲೇ ಉಳಿದುದನ್ನು ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದಾನೆ. ಸೌದೆ ಕಡಿದವರ, ಕೆಂಡ ಕೆದಕಿದವರ ಸುದ್ದಿ ಆ ಒಂದು ಸಾಲಿನಲ್ಲಿಲ್ಲ. ದಕ್ಷಿಣದ ತೋಟಗಳಲ್ಲಿ ಅದೆಲ್ಲ ಬಹುಮಟ್ಟಿಗೆ ಆಫ್ರಿಕಾ ಮೂಲದ ಗುಲಾಮರ ಪಾಲಿನ ದುಡಿಮೆ. ಊಟ ಮಾಡಿದವನ ಹೆಸರು ಉಳಿಯಿತು. ನಿದ್ದೆಗೆಟ್ಟವನ ಹೆಸರು ಅಳಿಯಿತು.

ಗುಲಾಮಗಿರಿ ಕೊನೆಗೊಂಡದ್ದು 1865ರಲ್ಲಿ. ಹಿಂದೆ ಗುಲಾಮರಾಗಿದ್ದ ಎರಡು ಸಾವಿರಕ್ಕೂ ಹೆಚ್ಚು ಮುದುಕರ ನೆನಪುಗಳನ್ನು ಸರ್ಕಾರ ಒಂದು ಯೋಜನೆಯಾಗಿ ಬರೆಸಿದ್ದು 1936ರಿಂದ 1938ರ ವರೆಗೆ. ಅವರಲ್ಲಿ ದಕ್ಷಿಣ ಕೆರೊಲಿನದ ವೆಸ್ಲಿ ಜೋನ್ಸ್ ಒಬ್ಬ. ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ, ವಿನಿಗರ್, ಮೆಣಸು, ಬೆಣ್ಣೆ, ಕೊತ್ತಂಬರಿ ಮುಂತಾದವು ಬೆರೆತ ರಸವನ್ನು ರಾತ್ರಿಯಿಡೀ ಮಾಂಸಕ್ಕೆ ಸವರುತ್ತಿದ್ದನಂತೆ. ಬೆಂಕಿಗೆ ತೊಟ್ಟಿಕ್ಕುವ ಆ ರಸವೇ ಹೊಗೆಯನ್ನು ಘಮಘಮಿಸುವಂತೆ ಮಾಡಿ, ಮಾಂಸಕ್ಕೆ ಮತ್ತೆ ಹತ್ತುತ್ತಿತ್ತೆಂದು ಅವನ ವಿವರಣೆ. ಇದು ಶಾಸ್ತ್ರಜ್ಞನ ಮಾತು. ಕೇಳುವವರು ಬಂದದ್ದು ಮಾತ್ರ ಎಪ್ಪತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಅವನ ಜತೆಯವರೆಷ್ಟೋ ಮಂದಿ ತಮ್ಮ ತಿಳಿವಳಿಕೆಯೊಡನೆ ಮಣ್ಣಾಗಿದ್ದರು.

ದೂರದ ದೇಶದವರನ್ನು ದೂರಿ ಫಲವೇನು? ಯಾವ ಮರ ಯಾವ ಅಡಿಗೆಗೆ, ಎಷ್ಟು ದಿನ ಒಣಗಬೇಕು ಎಂದು ನಮ್ಮ ತಾಯಿಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ನನಗೆ ತೋರಿದ್ದೂ ಅವರು ಹೋದ ಮೇಲೆಯೇ. ಗಾದೆಯ ಅರ್ಥವನ್ನು ಹುಡುಗರಿಗೆ ಹೇಳುವಾಗ ಈಗ ನಾನು ಈ ಉದಾಹರಣೆಯನ್ನೂ ಸೇರಿಸುತ್ತೇನೆ.