ದಿವಾಣಿ ಮತ್ತು ಫೌಜದಾರಿ

ಸಿವಿಲ್ ಮತ್ತು ಕ್ರಿಮಿನಲ್ ಎಂದು ನಾವಿಂದು ಕರೆಯುವ ಮೊಕದ್ದಮೆಗಳಿಗೆ ಹಿಂದಿನವರ ಮಾತು 'ದಿವಾಣಿ' ಮತ್ತು 'ಫೌಜದಾರಿ'. ಈ ಪದಗಳ ಹಿಂದೆ ಮೊಗಲ್ ಆಡಳಿತದ ಎರಡು ಅಧಿಕಾರಗಳಿವೆ. ಪ್ರಾಂತದ ದಿವಾನನದು ಕಂದಾಯದ ಹೊಣೆ. ಆಸ್ತಿ, ಸಾಲಗಳ ವ್ಯಾಜ್ಯವೂ ಅವನಿಗೇ ಸೇರಿದ್ದು. ಫೌಜುದಾರನದು ದಂಡು ಮತ್ತು ಶಾಂತಿಪಾಲನೆ. ಕಳವು, ದರೋಡೆಗಳ ವಿಚಾರ ಅವನ ಕಡೆಗೆ.

1765ರಲ್ಲಿ ಬಾದಶಹ ಎರಡನೆಯ ಷಾ ಆಲಂ ಬಂಗಾಳದ ದಿವಾನಿಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಕೊಟ್ಟ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಪ್ರತಿ ಜಿಲ್ಲೆಗೂ ಎರಡೆರಡು ಅದಾಲತ್‌ಗಳನ್ನು ಏರ್ಪಡಿಸಿದ. ದಿವಾನಿ ಅದಾಲತ್ತಿನಲ್ಲಿ ಕೂರುತ್ತಿದ್ದವನು ಕಂಪೆನಿಯ ಕಲೆಕ್ಟರ್. ಫೌಜದಾರಿ ಅದಾಲತ್ತಿನಲ್ಲಿ ಖಾಜಿ, ಮುಫ್ತಿಗಳು ಇಸ್ಲಾಮೀ ನ್ಯಾಯದಂತೆ ವಿಚಾರಿಸುತ್ತಿದ್ದರು.

ಆ ನ್ಯಾಯದಲ್ಲಿ ಕೊಲೆ ಬಹುಮಟ್ಟಿಗೆ ಸತ್ತವನ ಮನೆಯವರಿಗೆ ಸಂಬಂಧಿಸಿದ್ದು. ವಾರಸುದಾರರು ಕೊಂದವನಿಗೆ ಮರಣದಂಡನೆ ಕೇಳಬಹುದಿತ್ತು, ಹಣ ಪಡೆದು ಬಿಡಬಹುದಿತ್ತು, ಸುಮ್ಮನೆ ಕ್ಷಮಿಸಲೂಬಹುದಿತ್ತು. ಇದರಿಂದ ಅನಾಥವಾದ ಸಂಸಾರಕ್ಕೆ ಒಂದಿಷ್ಟು ಆಸರೆ ಸಿಗುವಂತಿತ್ತು. ಆದರೆ ಉಳ್ಳವನು ಹಣ ಚೆಲ್ಲಿ ಪಾರಾಗುವ ದಾರಿಯೂ ಅಲ್ಲಿತ್ತು.

1790ರಲ್ಲಿ ಕಾರ್ನ್‌ವಾಲಿಸ್ ಫೌಜದಾರಿ ನ್ಯಾಯವನ್ನೂ ಕಂಪೆನಿಯ ಕೈಗೆ ತೆಗೆದುಕೊಂಡ. ವಾರಸುದಾರರು ಕ್ಷಮಿಸಿದರೂ ಕೊಲೆಗಾರನಿಗೆ ಶಿಕ್ಷೆ ತಪ್ಪದು ಎಂಬ ನಿಯಮ ಆ ವರ್ಷಗಳಲ್ಲೇ ಬಂತು. ಕೊಲೆಯೆಂಬುದು ಒಂದು ಮನೆಯ ನಷ್ಟವಷ್ಟೇ ಅಲ್ಲ, ಇಡೀ ಸಮಾಜದ ವಿರುದ್ಧ ನಡೆದ ಅಪರಾಧ ಎಂದಾಯಿತು.

ಎರಡು ಕಾನೂನುಗಳ ನಡುವಣ ಗೆರೆ ಇದೇ. ಸಿವಿಲ್ ದಾವೆ ಹೂಡುವವನು ನಷ್ಟಕ್ಕೊಳಗಾದವನು, ರಾಜಿಯಾದರೆ ಹಿಂತೆಗೆದುಕೊಳ್ಳಬಹುದು. ಯಾರ ಪಕ್ಷ ಹೆಚ್ಚು ಸಂಭವನೀಯವೋ ಅವರು ಗೆಲ್ಲುತ್ತಾರೆ. ಕ್ರಿಮಿನಲ್ ಮೊಕದ್ದಮೆಯನ್ನು ಸಾಮಾನ್ಯವಾಗಿ ನಡೆಸುವುದು ಸರ್ಕಾರ. ಅಲ್ಲಿ ಸೆರೆಮನೆಯ, ಕೆಲವೊಮ್ಮೆ ಪ್ರಾಣದ ಪ್ರಶ್ನೆ ಇರುವುದರಿಂದ ಆರೋಪ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಸಣ್ಣಪುಟ್ಟ ಅಪರಾಧಗಳಲ್ಲಿ ರಾಜಿಗೆ ಅವಕಾಶವುಂಟು, ಕೊಲೆಯಲ್ಲಿ ಇಲ್ಲ. 1860ರ ದಂಡ ಸಂಹಿತೆಯ ಸ್ಥಾನಕ್ಕೆ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದರೂ ಈ ತತ್ತ್ವ ಬದಲಾಗಿಲ್ಲ.

ಇದರಿಂದ ಕೊಲೆಯಾದವನ ಹೆಂಡತಿ ಮೊಕದ್ದಮೆಯ ಒಡತಿಯಾಗುವ ಬದಲು ಬರಿಯ ಸಾಕ್ಷಿಯಾದಳು. ಅಪರಾಧಿ ಜೈಲಿಗೆ ಹೋದರೂ ಅವಳ ಒಲೆ ಉರಿಯದು. ಈ ಕೊರತೆಯನ್ನು ಮನಗಂಡೇ 2008ರ ತಿದ್ದುಪಡಿಯು ಸಂತ್ರಸ್ತರಿಗೆ ಪರಿಹಾರ ನೀಡುವ ಯೋಜನೆಯನ್ನು ರಾಜ್ಯಗಳು ರೂಪಿಸಬೇಕೆಂದು ವಿಧಿಸಿತು. ಶಿಕ್ಷೆಯನ್ನು ಮನ್ನಾ ಮಾಡುವ ಹಕ್ಕು ಮನೆಯವರಿಗೆ ಮರಳಲಿಲ್ಲ. ಅವರ ನಷ್ಟಕ್ಕೆ ಮಾತ್ರ ಕಾನೂನಿನಲ್ಲಿ ಮತ್ತೆ ಜಾಗ ಸಿಕ್ಕಿತು.