ಪುರುಸೊತ್ತು ಯಾರ ಸರದಿ?

‘ಮೋಡ ಕಟ್ಟಿದ್ದೇ ಪುರುಸೊತ್ತು, ಕರೆಂಟು ಹೋಯ್ತು.’ ಗುಬ್ಬಿ ಕಡೆಯವರಿಗೋ ಕುಣಿಗಲ್ ಕಡೆಯವರಿಗೋ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಸಂಬಳ ಬಂದಿದ್ದೇ ಪುರುಸೊತ್ತು, ಚೀಟಿಯವರು ಬಂದ್ರು’ ಎಂದೂ ಅನ್ನುತ್ತೇವೆ. ಒಂದು ಆಗುವುದಕ್ಕೂ ಇನ್ನೊಂದು ಆಗುವುದಕ್ಕೂ ನಡುವೆ ಉಸಿರು ಬಿಡುವಷ್ಟೂ ಹೊತ್ತಿರಲಿಲ್ಲ ಎಂಬುದು ಅದರ ಇಂಗಿತ. ಅದೇ ಬಾಯಿ ಮರುಗಳಿಗೆಯಲ್ಲಿ ‘ತಲೆ ಬಾಚ್ಕೊಳ್ಳೋಕೂ ಪುರುಸೊತ್ತಿಲ್ಲ ಕಣವ್ವ’ ಅಂದರೆ ಅಲ್ಲಿ ಪುರುಸೊತ್ತು ಎಂದರೆ ಬಿಡುವು. ಮೊದಲ ಮಾತಿಗೆ ‘ಬಿಡುವು’ ಹಾಕಿ ನೋಡಿ, ಕೂರುವುದಿಲ್ಲ. ಅಲ್ಲಿರುವುದು ಕಾದು ಕೂತಿದ್ದ ಗಳಿಗೆ. ಕರೆಂಟು ಹೋಗಲು ಹೊಂಚುತ್ತಿತ್ತು, ಮೋಡ ಅದಕ್ಕೆ ಅವಕಾಶ ಕೊಟ್ಟಿತು.

ಬಿಡುವು, ಅವಕಾಶ ಎರಡನ್ನೂ ಒಂದೇ ಪದ ಹೊತ್ತಿರುವುದು ನಮ್ಮೂರಿನವರ ಚಮತ್ಕಾರವಲ್ಲ. ಪುರುಸೊತ್ತು ಅದನ್ನು ತವರಿನಿಂದಲೇ ಹೊತ್ತು ತಂದಿದೆ.

ಆ ತವರು ಅರಬ್ಬಿ. ಅಲ್ಲಿ ಅದು ‘ಫುರ್ಸ’. 13ನೆಯ ಶತಮಾನದ ಕೊನೆಯಲ್ಲಿ ಇಬ್ನ್ ಮನ್ಜೂರ್ ಮುಗಿಸಿದ ‘ಲಿಸಾನ್ ಅಲ್ ಅರಬ್’ ಎಂಬ ಮಹಾ ನಿಘಂಟು ಈ ಪದಕ್ಕೆ ಕೊಡುವ ಅರ್ಥಗಳಲ್ಲಿ ಒಂದು, ನೀರಿನ ಸರದಿ. ಮರಳುಗಾಡಿನಲ್ಲಿ ಇರುವುದೊಂದು ಬಾವಿ, ಬಂದವರು ಹಲವರು. ಒಬ್ಬರಾದ ಮೇಲೆ ಒಬ್ಬರು ಸೇದಿಕೊಳ್ಳಬೇಕು. ಹಾಗೆ ಒಬ್ಬೊಬ್ಬರ ಪಾಲಿಗೆ ಬರುವ ಪಾಳಿಯೇ ಫುರ್ಸ. ಪಾಳಿ ತಪ್ಪಿಸಿಕೊಂಡವನು ಮತ್ತೆ ಕಾಯಬೇಕು. ಅದರಿಂದಲೇ ಆ ಪದ ‘ಕೈಜಾರಲು ಬಿಡಬಾರದ ಗಳಿಗೆ’ ಎಂಬ ಅರ್ಥಕ್ಕೆ ಬೆಳೆಯಿತು. ಇಂದಿನ ಅರಬ್ಬಿಯಲ್ಲಿ ಫುರ್ಸ ಎಂದರೆ ಅವಕಾಶ. ತುರ್ಕಿಯ ‘ಫಿರ್ಸತ್’, ಆಫ್ರಿಕದ ಸ್ವಾಹಿಲಿಯ ‘ಫುರ್ಸ’ ಎರಡೂ ಇದೇ ಅರ್ಥವನ್ನು ಉಳಿಸಿಕೊಂಡಿವೆ. ಪಾರಸಿಯಿಂದ ಇತ್ತ ಉರ್ದು, ಹಿಂದಿ, ಮರಾಠಿಗಳ ಕಡೆ ತಿರುಗಿದ ‘ಫುರ್ಸತ್’ ಮಾತ್ರ ನಿಧಾನವಾಗಿ ವಿರಾಮದ ಕಡೆ ವಾಲಿತು.

ಇಲ್ಲೊಂದು ತಮಾಷೆ ಇದೆ. ದುಬೈಯಲ್ಲಿ ಕೆಲಸದ ಅವಕಾಶಕ್ಕೆ ಅರಬ್ಬಿಯಲ್ಲಿ ‘ಫುರ್ಸತ್ ಅಮಲ್’ ಎನ್ನುತ್ತಾರೆ. ಎರಡೂ ಪದ ನಮ್ಮವೇ ಆಗಿಹೋಗಿವೆ. ‘ಅಮಲ್’ ಎಂದರೆ ಕೆಲಸ, ಕಾರ್ಯಭಾರ. ಮೈಸೂರು ಸೀಮೆಯ ತಾಲೂಕು ಕಚೇರಿಗಳಲ್ಲಿ ಕೂತಿದ್ದ ಅಮಲ್ದಾರರ ಹೆಸರಿನಲ್ಲಿ ಇರುವುದು ಅದೇ. ಅಲ್ಲಿ ನೌಕರಿ ಹುಡುಕುವವನ ಬಾಯಲ್ಲಿರುವ ಪದ, ಇಲ್ಲಿ ನೌಕರಿಯಿಂದ ಸುಸ್ತಾದವಳ ಬಾಯಲ್ಲಿದೆ.

ಕನ್ನಡಕ್ಕೆ ಬಂದ ಮೇಲೆ ಅದರ ಮೈಕಟ್ಟು ಬದಲಾಯಿತು. ‘ಫ’ ನಮ್ಮ ಹಳ್ಳಿಯ ನಾಲಿಗೆಗೆ ಒಗ್ಗದು, ಫಸಲು ಪಸಲಾದಂತೆ ಇಲ್ಲೂ ‘ಪ’ ಆಯಿತು. ‘ರ್ಸ’ ಎಂಬ ಒತ್ತು ಬಿಡಿಸಿಕೊಂಡು ‘ರುಸ’ ಆಯಿತು. ಕೊನೆಯ ‘ತ್’ಗೆ ತಾಕತ್ತು, ದೌಲತ್ತು, ಕಸರತ್ತುಗಳಂತೆ ದ್ವಿತ್ವವೂ ಉಕಾರವೂ ಬಂದು ಕೂತವು. ಹೀಗೆ ಪುರುಸೊತ್ತು. ಕೊನೆಯಲ್ಲಿ ‘ಸೊತ್ತು’ ಕೇಳಿಸುವುದರಿಂದ ಇದು ಯಾರದೋ ಆಸ್ತಿಗೆ ಸಂಬಂಧಿಸಿದ್ದು ಅನ್ನಿಸಿದರೆ ಅದು ಕಿವಿಯ ಮೋಸ. ಆ ಸೊತ್ತು ಸಂಸ್ಕೃತದಿಂದ ಬಂದದ್ದು, ಬೇರೆಯೇ ಮನೆತನ.

ಪದ ಬಂದ ದಾರಿ ನಮ್ಮ ತುಮಕೂರು ಜಿಲ್ಲೆಯ ಮೇಲೇ ಹಾದಿದೆ ಎಂದರೆ ಅಭಿಮಾನದ ಮಾತಾಗಲಾರದು. 17ನೆಯ ಶತಮಾನದಲ್ಲಿ ಬಿಜಾಪುರದವರು ಈ ಸೀಮೆಗೆ ಬಂದರು. ಬೆಂಗಳೂರು ಶಹಾಜಿಯ ಜಹಗೀರಾಗಿ ಮರಾಠಿ ಲೆಕ್ಕಿಗರೂ ಬಂದರು. 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ಪ್ರಾಂತ್ಯದ ರಾಜಧಾನಿ ಮಾಡಿಕೊಂಡು ಸುಮಾರು ಏಳು ದಶಕ ಅಲ್ಲಿಂದ ಆಳಿದರು. ತುಮಕೂರಿನಿಂದ ಅರ್ಧ ದಿನದ ಕುದುರೆ ಸವಾರಿ. ಲೆಕ್ಕ, ಕಡತ, ಫರ್ಮಾನು ಎಲ್ಲ ಪಾರಸಿಯಲ್ಲಿ. ಕಚೇರಿಯ ಕಂಬಕ್ಕೆ ಒರಗಿ ‘ಸಾಹೇಬರಿಗೆ ಫುರ್ಸತ್ ಇಲ್ಲ’ ಎಂಬ ಉತ್ತರ ಕೇಳಿಸಿಕೊಂಡ ರೈತನೇ ಆ ಪದವನ್ನು ಊರಿಗೆ ಒಯ್ದಿದ್ದಾನು ಎಂದು ನಾನು ಊಹಿಸಿಕೊಳ್ಳುತ್ತೇನೆ. ಊಹೆಗೆ ಒಂದು ಆಧಾರವಿದೆ: ಇವತ್ತಿಗೂ ಈ ಪದಕ್ಕೆ ‘ಇಲ್ಲ’ದ ಜೊತೆಗಿರುವಷ್ಟು ಸಲಿಗೆ ‘ಇದೆ’ಯ ಜೊತೆಗಿಲ್ಲ.

ಕಚೇರಿಯ ಪದಗಳನ್ನು ಒಂದು ಸುತ್ತು ನೋಡಿದರೆ ದೊಡ್ಡವರ ಬೆನ್ನಿಗೆ ನಿಂತು ದುಡಿದವರ ಚರಿತ್ರೆಯೇ ಕಾಣಿಸುತ್ತದೆ. ‘ಗುಮಾಸ್ತ’ ಎಂದರೆ ಪಾರಸಿಯಲ್ಲಿ ‘ನೇಮಿಸಲ್ಪಟ್ಟವನು’, ಅಷ್ಟೆ. ಯಾವ ಕೆಲಸಕ್ಕೆ ಎಂಬುದನ್ನು ನೇಮಿಸಿದವನು ಹೇಳಬೇಕು. ‘ಪೇಷ್ಕಾರ’ ಎಂದರೆ ಮುಂದಿಡುವವನು: ಯಾವ ಕಾಗದ ಸಾಹೇಬರ ಮುಂದೆ ಮೊದಲು ಹೋಗಬೇಕು, ಯಾವುದು ನಾಳೆಗೆ, ಯಾರನ್ನು ಒಳಗೆ ಬಿಡಬೇಕು ಎಂದು ನೋಡಿಕೊಳ್ಳುವವನು. ಇಂದಿನ ಕಂಪನಿಗಳಲ್ಲಿ ಎಂ.ಡಿ.ಗಳ, ಸಿಇಒಗಳ ಬಾಗಿಲಲ್ಲಿ ಕೂತು ಕ್ಯಾಲೆಂಡರು ಹಿಡಿದಿರುವ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಈ ಪೇಷ್ಕಾರರ ವಂಶದವಳೇ. ‘ರಜ’ದ ಮೂಲವಾದ ‘ರಜಾ’ ಪದಕ್ಕೆ ಒಪ್ಪಿಗೆ ಎಂದು ಅರ್ಥ. ಅಂದರೆ ರಜ ಇನ್ನೊಬ್ಬರು ಒಪ್ಪಿ ಕೊಡುವಂಥದ್ದು. ಅಚ್ಚಗನ್ನಡದ ಬಿಡುವು ಕೆಲಸ ಬಿಟ್ಟಾಗ ತಾನಾಗಿ ಉಳಿಯುವಂಥದ್ದು. ಪುರುಸೊತ್ತು ಇವೆರಡರಂತಲ್ಲ. ಕೊಡುವವರ ದಯೆಯೂ ಅಲ್ಲ, ಉಳಿದ ಚೂರೂ ಅಲ್ಲ, ಸಾಲಿನಲ್ಲಿ ನಿಂತವರಿಗೆ ಲೆಕ್ಕದ ಪ್ರಕಾರ ಬರಬೇಕಾದ ಪಾಳಿ.

ಈ ಮೂಲಾರ್ಥ ನಮ್ಮವರಿಗೆ ಅರ್ಥವಾಗದ್ದೇನೂ ಅಲ್ಲ. ತುಮಕೂರು ಕೆರೆಗಳ ಜಿಲ್ಲೆ. ಕುಣಿಗಲ್ಲಿನ ದೊಡ್ಡಕೆರೆ ಜನಪದ ಹಾಡಾಗಿ ನಾಡೆಲ್ಲ ಸುತ್ತಿದೆ. ತುಮಕೂರು ಊರೊಳಗಿನ ಅಮಾನಿಕೆರೆಯ ‘ಅಮಾನಿ’ ಕೂಡ ಅದೇ ಪಾರಸಿ ಕಚೇರಿಯ ಪದ, ಸರ್ಕಾರದ ನೇರ ಸುಪರ್ದಿಗೆ ಸೇರಿದ್ದು ಎಂದು. ಕೆರೆ ಇದ್ದಲ್ಲಿ ತೂಬು, ತೂಬು ಇದ್ದಲ್ಲಿ ನೀರುಗಂಟಿ. ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವುದು, ಮೇಲಿನ ಗದ್ದೆಯವನು ಕಾಲುವೆಗೆ ಅಡ್ಡ ಕಟ್ಟಿಕೊಳ್ಳದಂತೆ ಕಾಯುವುದು, ಕೊನೆಯ ಗದ್ದೆಗೂ ತಲುಪಿತೇ ಎಂದು ರಾತ್ರಿ ಹೊತ್ತಿನಲ್ಲೂ ಹೋಗಿ ನೋಡುವುದು ಅವನ ಕೆಲಸ. ಹೆಚ್ಚಿನ ಕಡೆ ನೀರುಗಂಟಿಗಳು ದಲಿತ ಕುಟುಂಬದವರು. ಊರಿನ ನೀರೆಲ್ಲ ಕೈಯಲ್ಲಿ, ಊರಿನ ಅಧಿಕಾರ ಯಾರದೋ ಕೈಯಲ್ಲಿ. ಸುಗ್ಗಿಯಲ್ಲಿ ಅವನಿಗೆ ಕಣದಿಂದ ಆಯ ಬರುತ್ತಿತ್ತು. ಎಷ್ಟೋ ಊರುಗಳಲ್ಲಿ ಅದೇ ಕೆರೆಯ ಕೆಳಗೆ ಒಂದಿಷ್ಟು ಇನಾಮು ಜಮೀನೂ ಇತ್ತು. ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಸಂಗತಿ. ಎಲ್ಲರ ಸರದಿ ನೋಡುವವನ ತುಂಡು ಗದ್ದೆಗೂ ಸಾಲಿನಲ್ಲಿ ಒಂದು ಸರದಿ ಇತ್ತು.

ಕಂಪನಿಯ ಬಾಗಿಲಲ್ಲಿ ಕೂತಿರುವ ನಮ್ಮ ಹೆಣ್ಣುಮಗಳೂ ನೀರುಗಂಟಿಯೇ. ಹರಿಯುವುದು ನೀರಲ್ಲ, ಯಜಮಾನರ ಹೊತ್ತು. ಬ್ಯಾಂಕಿನವರಿಗೆ ಅರ್ಧ ಗಂಟೆ, ಆಡಿಟರಿಗೆ ಒಂದು ಗಂಟೆ, ಯೂನಿಯನ್ನಿನವರಿಗೆ ಹದಿನೈದು ನಿಮಿಷ. ಅವಳ ಗದ್ದೆ ಮಾತ್ರ ಆ ಅಚ್ಚುಕಟ್ಟಿನ ನಕ್ಷೆಯಲ್ಲೇ ಇಲ್ಲ.

ದೊಡ್ಡವರ ವಿಶ್ರಾಂತಿಗೆ ಚರಿತ್ರೆಯಲ್ಲಿ ಜಾಗವಿದೆ, ಅವರ ಬೆನ್ನಿಗೆ ನಿಂತವರ ವಿಶ್ರಾಂತಿಗೆ ಇಲ್ಲ. 1927ರಲ್ಲಿ ಗಾಂಧೀಜಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ನಂದಿಬೆಟ್ಟದಲ್ಲಿ ತಂಗಿದ್ದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಬೆಟ್ಟದಿಂದಲೂ ಪತ್ರಗಳು, ಪತ್ರಿಕೆಯ ಬರಹಗಳು ಇಳಿಯುತ್ತಲೇ ಇದ್ದವು. 1917ರಿಂದ ಅವರ ಕಾರ್ಯದರ್ಶಿಯಾಗಿದ್ದ ಮಹಾದೇವ ದೇಸಾಯಿ 25 ವರ್ಷ ಆ ಕೆಲಸ ಹೊತ್ತು, 1942ರ ಆಗಸ್ಟ್ 15ರಂದು ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಹೃದಯ ನಿಂತು ತೀರಿಕೊಂಡರು. ಆಗ ಅವರಿಗೆ 50 ವರ್ಷ. ಅದು ಭಕ್ತಿಯ ದುಡಿಮೆ, ಸಂಬಳದ ಮಾತಲ್ಲ, ನಿಜ. ಆದರೆ ಆ ಮಾದರಿಯನ್ನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೂ ವಸಂತನರಸಾಪುರದ ಕಾರ್ಖಾನೆಗೂ ಎಳೆದು ತರುವವರನ್ನು ನಾನು ಒಪ್ಪಲಾರೆ. ಮೈಸೂರಿನಲ್ಲೇ ಇನ್ನೊಂದು ಮಾದರಿ ಇದೆಯಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಖಾಸಗಿ ಕಾರ್ಯದರ್ಶಿಯಾಗಿದ್ದ ಮಿರ್ಜಾ ಇಸ್ಮಾಯಿಲ್ 1926ರಲ್ಲಿ ದಿವಾನರಾದರು. ಬೆನ್ನಿಗೆ ನಿಲ್ಲುವ ಕೆಲಸ ಏಣಿಯೂ ಆಗಬಲ್ಲದು.

ಏಣಿ ಹತ್ತಲು ಹೊರಟವರು ನಮ್ಮಲ್ಲಿ ಈಗ ಬಹಳ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರು. ಬೆಳಗಿನ ರೈಲಿಗೆ ಸೀಸನ್ ಪಾಸು ಹಿಡಿದು ಓಡುವವರಲ್ಲಿ ಇಂಥ ಹುದ್ದೆಯವರೂ ಇರುತ್ತಾರೆ. ಡಬ್ಬಿಯಲ್ಲಿ ಸೀಟು ಸಿಗುವ ಮೊದಲೇ ಫೋನಿನಲ್ಲಿ ಸಾಹೇಬರ ದಿನ ಶುರುವಾಗಿರುತ್ತದೆ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ರೈಲುಮಾರ್ಗ 2017ರಲ್ಲಿ ತೆರೆಯಿತು. ಮುಂದಿನ ತಲೆಮಾರಿಗೆ ಊರಿನಲ್ಲೇ ಇದ್ದುಕೊಂಡು ಇಂಥ ಕೆಲಸ ಮಾಡುವ ದಾರಿ ಕಾಣತೊಡಗಿದೆ.

ಇವರಲ್ಲಿ ಒಬ್ಬಾಕೆ ಎಂಟು ಹತ್ತು ವರ್ಷ ದುಡಿದು, ಮುಂದಿನ ಹುದ್ದೆಗೆ ಹಾರುವ ಮೊದಲು ಮೂರು ತಿಂಗಳು ನಿಂತು ಉಸಿರು ತೆಗೆದುಕೊಳ್ಳೋಣ ಅಂದುಕೊಂಡಳು ಅನ್ನಿ. ಅದಕ್ಕೆ ನಮ್ಮ ಬೀದಿ ಇಟ್ಟುಕೊಂಡಿರುವ ಮಾತು ಒಂದೇ: ‘ಕೆಲ್ಸ ಬಿಟ್ಟು ಮನೇಲಿ ಕೂತವ್ಳೆ.’ ಕಂಪನಿಯವರು ಅದನ್ನೇ ‘ಗ್ಯಾಪ್’ ಅನ್ನುತ್ತಾರೆ, ತೂತು ಬಿದ್ದ ಹಾಗೆ. ‘ಪುರುಸೊತ್ತು ತಗೊಂಡವ್ಳೆ’ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಆ ಮಾತು ಎಷ್ಟು ಸರಿಯಾಗಿರುತ್ತಿತ್ತು! ನಿಂತದ್ದೂ ಅದೇ, ಮುಂದಿನ ಅವಕಾಶವೂ ಅದೇ. ಯಾವ ಕೆಲಸ ತನ್ನದು, ಯಾವುದು ಸಾಹೇಬರ ಮೈಗಳ್ಳತನವನ್ನು ಮುಚ್ಚುವ ಬಿಟ್ಟಿ ಚಾಕರಿ ಎಂದು ವಿಂಗಡಿಸಿ ನೋಡಲು ಓಡುತ್ತಿರುವಾಗ ಆಗುವುದಿಲ್ಲ. (ಬಿಟ್ಟಿಗೂ ಬಿಡುವಿಗೂ ನಂಟಿಲ್ಲ. ಅದು ಸಂಸ್ಕೃತದ ‘ವಿಷ್ಟಿ’, ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ಕೇಳಲು ಮಾತ್ರ ಒಂದೇ ಮನೆಯವುಗಳ ಹಾಗಿವೆ.)

‘ಪುರುಸೊತ್ತಿಲ್ಲ’ ಎಂಬುದು ಒಂದು ಕಾಲಕ್ಕೆ ಗೋಳು, ಈಗ ಪದವಿ. 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ಎದ್ದ ಚರ್ಚೆ ನೆನಪಿರಬಹುದು. ಆ 70 ಗಂಟೆಯ ಯಜಮಾನರ ದಿನಚರಿ ಹೊಂದಿಸುವವಳು ಎಷ್ಟು ಗಂಟೆ ಕೂರಬೇಕಾಗುತ್ತದೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ನನ್ನ ಕಿವಿಗೆ ಬೀಳಲಿಲ್ಲ.

ಕಾನೂನಿಗೂ ಇವರ ವಿಷಯದಲ್ಲಿ ಕೊಂಚ ಗೊಂದಲ. 1948ರ ಕಾರ್ಖಾನೆ ಕಾಯ್ದೆ ಮೇಲ್ವಿಚಾರಕರ ಜೊತೆಗೆ ‘ಗೋಪ್ಯ ಸ್ವರೂಪದ ಹುದ್ದೆ’ಯವರನ್ನೂ ಕೆಲಸದ ಹೊತ್ತಿನ ಮಿತಿಯಿಂದ ಹೊರಗಿಡಲು ರಾಜ್ಯಗಳಿಗೆ ದಾರಿ ಬಿಟ್ಟಿತ್ತು. ಸಾಹೇಬರ ಗುಟ್ಟು ಕಾಯುವವರಿಗೆ ಗಡಿಯಾರದ ಕಾವಲಿಲ್ಲ ಎಂದ ಹಾಗೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐದು ಗಂಟೆ ದುಡಿದರೆ ಒಂದು ಗಂಟೆ ವಿರಾಮ, 20 ದಿನ ದುಡಿದರೆ ಒಂದು ದಿನ ಸಂಬಳದ ರಜ ಎಂದು ಬರೆದಿಟ್ಟಿದೆ. ಆಡಳಿತದ ಹುದ್ದೆಯಲ್ಲಿರುವವರಿಗೆ ಮಾತ್ರ ಅದು ಅನ್ವಯಿಸದು. ಹೀಗಾಗಿ ಬಡ್ತಿಯ ಜೊತೆಗೆ ‘ಮ್ಯಾನೇಜರ್’ ಎಂಬ ಹೆಸರು ಬಂದಾಗ ಸಂತೋಷಪಡುವ ಮೊದಲು ನೇಮಕಪತ್ರವನ್ನು ಕೊನೆಯ ಸಾಲಿನವರೆಗೆ ಓದಬೇಕು.

ಇಂಥ ಕೆಲಸದಲ್ಲಿರುವ ತುಮಕೂರು, ಗುಬ್ಬಿ, ಕುಣಿಗಲ್ಲಿನ ಅಕ್ಕತಂಗಿಯರಲ್ಲಿ, ಅಣ್ಣತಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಮುಂದಿನ ವರ್ಷದ ಕ್ಯಾಲೆಂಡರು ತೆರೆದು ಯಜಮಾನರ ಸಭೆಗಳನ್ನು ತುಂಬಲು ಕೂತಾಗ, ಮೊದಲು ನಿಮ್ಮ ಹತ್ತು ದಿನಗಳನ್ನು ಗುರುತು ಹಾಕಿ, ಆಮೇಲೆ ಅವರದ್ದು ಬರೆಯಿರಿ. ಯಾಕೆ ಎಂದು ಅವರು ಕೇಳಿದರೆ ಸರದಿ ಅನ್ನಿ.